ಹೇಮಾವತಿಯ ಹರಿಗೋಲಿಗೆ ಚುಕ್ಕಾಣಿ ಏಕಿಲ್ಲ?

ಸಂಸಾರದ ಚುಕ್ಕಾಣಿ, ರಾಜ್ಯದ ಚುಕ್ಕಾಣಿ ಎಂಬ ಮಾತುಗಳನ್ನು ನಾವು ದಿನವೂ ಆಡುತ್ತೇವೆ. ಆದರೆ ನಿಜವಾದ ಚುಕ್ಕಾಣಿಯನ್ನು ಕಣ್ಣಾರೆ ಕಂಡವರು ಕರಾವಳಿಯಿಂದ ದೂರವಿರುವ ನಮ್ಮ ಪಟ್ಟಣಗಳಲ್ಲಿ ಎಷ್ಟು ಮಂದಿ? ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸೀಮೆಯವರಿಗೆ ದೋಣಿಯೆಂದರೆ ಮೊದಲು ನೆನಪಾಗುವುದು ಹರಿಗೋಲು. ಅದಕ್ಕೆ ಚುಕ್ಕಾಣಿಯೇ ಇಲ್ಲ. ಇದು ಅರಿಯದೆ ಉಳಿದ ಕೊರತೆಯಲ್ಲ. ನೀರನ್ನು ಅರಿತು ಮಾಡಿದ ಆಯ್ಕೆ.

ಈ ಸೀಮೆಯಲ್ಲಿ ನೀರು ಮೂರು ಬಗೆ. ಹೊಳೆನರಸೀಪುರದ ಬದಿಯ ಹೇಮಾವತಿ, ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಕಾವೇರಿ, ಇವು ಹರಿಯುವ ನೀರು. ಚನ್ನರಾಯಪಟ್ಟಣದ ಕಡೆಯ ಕೆರೆಗಳದು ನಿಂತ ನೀರು. ಗೊರೂರಿನಲ್ಲಿ 1979ರಲ್ಲಿ ಅಣೆಕಟ್ಟು ಮುಗಿದ ಮೇಲೆ ಮೂರನೆಯದೊಂದು ಬಂದಿತು. ಕಣ್ಣು ಹಾಯುವಷ್ಟು ದೂರ ಹರಡಿದ, ಗಾಳಿಗೆ ಅಲೆಯೇಳುವ ಜಲಾಶಯ. ಮಳೆಗಾಲದಲ್ಲಿ ಅರ್ಧ ಮುಳುಗಿ ನಿಲ್ಲುವ ಶೆಟ್ಟಿಹಳ್ಳಿಯ ಹಳೆಯ ಇಗರ್ಜಿಯನ್ನು ನೋಡಿದವರಿಗೆ ಆ ನೀರಿನ ಅಡಿಯಲ್ಲಿ ಏನೇನು ಅಡಗಿರಬಹುದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹರಿಗೋಲು ಎಂದರೆ ಬಿದಿರಿನ ದೊಡ್ಡ ಬುಟ್ಟಿ. ಹಿಂದೆ ಅದಕ್ಕೆ ಚರ್ಮ ಹೊದಿಸುತ್ತಿದ್ದರು. ಬರುಬರುತ್ತ ಟಾರ್ಪಾಲು, ಪ್ಲಾಸ್ಟಿಕ್ಕು ಬಂದವು. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ವಿಜಯನಗರಕ್ಕೆ ಬಂದ ಡೊಮಿಂಗೊ ಪಾಯೆಸ್ ಎಂಬ ಪೋರ್ಚುಗೀಸ್ ಪ್ರವಾಸಿ ತುಂಗಭದ್ರೆಯಲ್ಲಿ ಇಂಥವನ್ನು ಕಂಡು ಬರೆದಿಟ್ಟಿದ್ದಾನೆ. ಹದಿನೈದಿಪ್ಪತ್ತು ಮಂದಿಯನ್ನು ಹೊತ್ತರೂ ಅವು ನೆಟ್ಟಗೆ ಸಾಗದೆ ಸುತ್ತುತ್ತಲೇ ಇರುತ್ತವೆಯಂತೆ! ಪ್ರವಾಸಿಗೆ ವಿಚಿತ್ರವೆನಿಸಿದ ಈ ಸುತ್ತಾಟವೇ ಬೆಸ್ತನಿಗೆ ಅನುಕೂಲ. ಬಲೆ ಯಾವ ಕಡೆಗಿದ್ದರೂ ಆ ಕಡೆಯೇ ಅವನಿಗೆ ಮುಂಭಾಗ. ಅವನು ಸಾಗಬೇಕಾದ ದಿಕ್ಕಿಗೆ ಮುಖಮಾಡಿ ಕುಳಿತು, ಹುಟ್ಟಿನಿಂದ ಎದುರಿನ ನೀರನ್ನು ತನ್ನತ್ತ ಸೆಳೆಯುತ್ತಾನೆ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಮುನ್ನಡೆಸುವುದೂ ತಿರುಗಿಸುವುದೂ ಅದೊಂದೇ ಹುಟ್ಟು.

ಹರಿಗೋಲಿಗೆ ಚುಕ್ಕಾಣಿ ಕಟ್ಟಿದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಚುಕ್ಕಾಣಿಯ ಹಲಗೆಗೆ ತಾನಾಗಿ ಬಲವಿಲ್ಲ. ತನ್ನನ್ನು ಸವರಿಕೊಂಡು ಹೋಗುವ ನೀರನ್ನು ಅದು ಓರೆಯಾಗಿ ತಡೆದಾಗ, ಆ ನೀರು ದೋಣಿಯ ಹಿಂಭಾಗವನ್ನು ಪಕ್ಕಕ್ಕೆ ತಳ್ಳುತ್ತದೆ. ಹೊಳೆಯೊಡನೆ ತೇಲಿ ಸಾಗುವ ದೋಣಿಯ ಪಕ್ಕದಲ್ಲಿ ನೀರೂ ಅದೇ ವೇಗದಲ್ಲಿ ಸಾಗುವುದರಿಂದ ಹಲಗೆಯನ್ನು ಒತ್ತುವ ನೀರೇ ಇರುವುದಿಲ್ಲ. ನಿಂತ ದೋಣಿಯ ಗತಿಯೂ ಹೀಗೆಯೇ. ಹುಟ್ಟಿಗಾದರೆ ಈ ಕಟ್ಟುಪಾಡಿಲ್ಲ.

ಹಿಂದುಮುಂದುಳ್ಳ ಉದ್ದದ ದೋಣಿಯನ್ನು ಕೊಳ್ಳುವವರ ಮಾತು ಬೇರೆ. ಕೆರೆಯಲ್ಲಿ ಹಿಂಬದಿಯಿಂದ ಆಡಿಸುವ ಒಂದು ಹುಟ್ಟು ಸಾಕು. ಜಲಾಶಯದಲ್ಲಿ ತಳದಿಂದ ಕೆಳಕ್ಕೆ ಚಾಚಿದ ಚುಕ್ಕಾಣಿ ಮುಳುಗಿದ ಮರದ ಬೊಡ್ಡೆಗೆ ತಗುಲಬಹುದು. ಬಲೆಗೆ ಸಿಕ್ಕಿ ಅದನ್ನು ಹರಿಯಲೂಬಹುದು. ಬಲೆ ಹರಿದರೆ ಹರಿಯುವುದು ಆ ಮನೆಯ ಅನ್ನದ ಬಟ್ಟಲು. ಇಂಜಿನು ಕೂಡಿಸುವುದಾದರೆ, ಸಣ್ಣ ದೋಣಿಗೆ ಕಾರಿನಂಥ ಚಕ್ರಕ್ಕಿಂತ ಇಂಜಿನಿಗೇ ಜೋಡಿಸಿದ ಕೈಹಿಡಿ ಮೇಲು. ಹಿಡಿಯನ್ನು ಬಲಕ್ಕೆ ತಳ್ಳಿದರೆ ಮೂತಿ ಎಡಕ್ಕೆ ತಿರುಗುತ್ತದೆ. ಅಭ್ಯಾಸವಾದರೆ ಕೈಗೆ ನೀರಿನ ನಾಡಿ ಸಿಗುತ್ತದೆ. ಚಕ್ರಕ್ಕೆ ತಂತಿ ಬೇಕು, ಸ್ಥಳ ಬೇಕು, ಹಣ ಬೇಕು. ನಡುನೀರಿನಲ್ಲಿ ತಂತಿ ಕಡಿದರೆ ದುರಸ್ತಿ ಮಾಡುವವರಾರು? ಕೈಹಿಡಿಯ ದೋಷ ಒಂದುಂಟು: ಇಂಜಿನೂ ಆಳೂ ಹಿಂದೆಯೇ ಕೂಡಿ ಮೂತಿ ಮೇಲೇಳುತ್ತದೆ. ಬಲೆಯನ್ನೋ ಜೊತೆಗಾರನನ್ನೋ ಮುಂದೆ ಕೂರಿಸಿದರೆ ಅದು ಸರಿಹೋದೀತು. ಏನೇ ಆಗಲಿ, ಒಂದು ಹುಟ್ಟನ್ನು ದೋಣಿಯಲ್ಲಿ ಇಟ್ಟೇ ಹೊರಡಬೇಕು. ಇಂಜಿನು ನಿಂತಾಗ ಮನೆಗೆ ಮರಳಿಸುವುದು ಅದೇ.

ಹರಿಗೋಲಿಗೂ ಒಂದು ಮಿತಿಯುಂಟು. ನೀರನ್ನು ಸೀಳುವ ಏಣು ಅದರ ತಳಕ್ಕಿಲ್ಲವಾದುದರಿಂದ ಗಾಳಿ ಎಳೆದತ್ತ ಅದು ಜಾರುತ್ತದೆ. ಆಷಾಢದ ಗಾಳಿ ಬೀಸುವಾಗ ಗೊರೂರಿನ ವಿಶಾಲ ನೀರಿನಲ್ಲಿ ಎಂಥ ನುರಿತ ಕೈಯೂ ಸೋಲಬಹುದು. ಆಗ ದಡದಲ್ಲಿ ಉಳಿಯುವುದೇ ಜಾಣತನ; ಹೊರಡಲೇಬೇಕಾದರೆ ತೇಲುವ ಅಂಗಿಯನ್ನು ತೊಟ್ಟು, ದಡದ ಮಗ್ಗುಲಲ್ಲೇ ಸಾಗಬೇಕು. ದೋಣಿಯನ್ನು ತಿರುಗಿಸುವ ಸಾಧನ ಯಾವುದೇ ಇರಲಿ, ಯಾವಾಗ ಹಿಂದಿರುಗಬೇಕೆಂಬ ವಿವೇಕವನ್ನು ಅದು ಕೊಡಲಾರದು.