ಸರ್ವರಿನ ಎಚ್ಚರಿಕೆಯ ಮಿತಿ: ಮಧುಗಿರಿ ಸೀಮೆಯ ನೋಂದಣಿ ಕಚೇರಿಗಳ ನಿದರ್ಶನದಿಂದ ಒಂದು ವಿವೇಚನೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ಕಚೇರಿಗಳಲ್ಲಿ ಅಕ್ಷರ ಬಾರದವರ ಬಾಯಲ್ಲಿಯೂ ಸಲೀಸಾಗಿ ಕೇಳಿಬರುವ ಎರಡು ಇಂಗ್ಲಿಷ್ ಮಾತುಗಳು ಉಂಟು: 'ಸರ್ವರ್ ಡೌನ್'. ಪುರವರ ಹೋಬಳಿಯ ರೈತನೊಬ್ಬನು ಕ್ರಯಪತ್ರವನ್ನು ನೋಂದಾಯಿಸಲು ಕೊಂಡವನನ್ನೂ ಇಬ್ಬರು ಸಾಕ್ಷಿಗಳನ್ನೂ ಜೊತೆಗಿಟ್ಟುಕೊಂಡು ಮಧುಗಿರಿಗೆ ಬರುತ್ತಾನೆಂದು ಭಾವಿಸೋಣ. ಮಧ್ಯಾಹ್ನದವರೆಗೆ ಕಾದಮೇಲೆ ಈ ಎರಡು ಮಾತುಗಳು ಕಿವಿಗೆ ಬಿದ್ದರೆ ನಾಲ್ವರ ಒಂದು ದಿನದ ದುಡಿಮೆ ಅಲ್ಲಿಗೆ ಹೋಯಿತು. ಋಣಭಾರ ಪ್ರಮಾಣಪತ್ರ ದೊರೆಯದೆ ಬ್ಯಾಂಕಿನ ಸಾಲ ಒಂದು ವಾರ ತಡವಾದರೆ ಬಿತ್ತನೆಯ ಹದ ತಪ್ಪುವುದೂ ಉಂಟು. ಶೇಂಗಾ ಬೆಳೆಯುವ ಈ ಸೀಮೆಯಲ್ಲಿ ಒಂದು ವಾರವೆಂಬುದು ಅಲ್ಪವಾದ ಕಾಲವಲ್ಲ.

ಸರ್ವರು ಪೂರ್ತಿ ನಿಂತುಹೋಗುವುದು ಅಪರೂಪ. ಬಹಳ ಸಲ ಅದು ನಡೆಯುತ್ತಲೇ ಇರುತ್ತದೆ. ಆದರೆ ಕೇಳಿದ್ದಕ್ಕೆ ಉತ್ತರ ಕೊಡಲು ಅಸಹನೀಯವಾದಷ್ಟು ಕಾಲ ತೆಗೆದುಕೊಳ್ಳುತ್ತದೆ. ಈ ಅವಸ್ಥೆಗೆ ಬರುವ ಮುನ್ನವೇ ಅದನ್ನು ನೋಡಿಕೊಳ್ಳುವವರಿಗೆ ಸೂಚನೆ ಸಿಕ್ಕಬೇಕಾದರೆ ಯಾವ ಅಳತೆಯನ್ನು ಆರಿಸಿಕೊಂಡು, ಅದು ಎಲ್ಲಿಗೆ ಮುಟ್ಟಿದಾಗ ಗಂಟೆ ಬಾರಿಸಬೇಕು ಎಂಬುದೇ ಪ್ರಕೃತ ಲೇಖನದ ವಿಷಯ.

ವ್ಯವಸ್ಥೆಯ ಪರಿಚಯವನ್ನು ಸಂಕ್ಷೇಪವಾಗಿ ಹೇಳಿಬಿಡುವೆವು. ಪಹಣಿಗಳನ್ನು ಗಣಕಕ್ಕೆ ಏರಿಸಿದ 'ಭೂಮಿ' ಯೋಜನೆಯು 2000ದ ಸುಮಾರಿಗೆ ಆಚರಣೆಗೆ ಬಂದು, ಸುಮಾರು ಎರಡು ಕೋಟಿ ಪಹಣಿಗಳನ್ನು ಒಳಗೊಂಡಿತು. ಪತ್ರಗಳ ನೋಂದಣಿಗೆ 'ಕಾವೇರಿ' ಎಂಬ ಬೇರೊಂದು ವ್ಯವಸ್ಥೆ ಇದ್ದು, ಅದರ ಎರಡನೆಯ ರೂಪವಾದ ಕಾವೇರಿ-2 ಎಂಬುದು 2023ರಲ್ಲಿ ರಾಜ್ಯದಾದ್ಯಂತ ಜಾರಿಗೆ ಬಂದಿತು. ಪಾವಗಡದ ಕಚೇರಿಯ ಗುಮಾಸ್ತರು ಒಂದು ಸರ್ವೆ ನಂಬರನ್ನು ಹುಡುಕಿದರೆ ಆ ಕೋರಿಕೆ ದೂರದ ಕೇಂದ್ರದಲ್ಲಿರುವ ದತ್ತಸಂಚಯಕ್ಕೆ ಹೋಗಿ ಉತ್ತರವನ್ನು ಹೊತ್ತು ಹಿಂದಿರುಗಬೇಕು. ರಾಜ್ಯದ ಎಲ್ಲ ಉಪ ನೋಂದಣಾಧಿಕಾರಿಗಳ ಕಚೇರಿಗಳೂ, ಮನೆಯಲ್ಲಿಯೇ ಕುಳಿತು ಹುಡುಕುವ ಸಾರ್ವಜನಿಕರೂ ಅದೇ ಬಾಗಿಲನ್ನು ತಟ್ಟುವವರು.

ನಮ್ಮ ಸೀಮೆ ಕೆರೆಗಳ ಸೀಮೆಯಾದುದರಿಂದ ಕೆರೆಯ ದೃಷ್ಟಾಂತವನ್ನು ತೆಗೆದುಕೊಂಡರೆ ವಿಷಯ ಸುಲಭವಾಗುತ್ತದೆ. ಕೆರೆ ತುಂಬಿ ಕೋಡಿ ಹರಿದರೆ ನೀರಗಂಟಿ ಗಾಬರಿಯಾಗುವುದಿಲ್ಲ. ಕೋಡಿ ಇರುವುದೇ ಅದಕ್ಕಾಗಿ. ಆದರೆ ಕೆರೆಯಲ್ಲಿ ಅರ್ಧದಷ್ಟೇ ನೀರಿದ್ದು ಏರಿಯ ಹಿಂಬದಿಯಲ್ಲಿ ಕೆಸರು ಬಣ್ಣದ ನೀರು ಜಿನುಗತೊಡಗಿದರೆ ಅವನು ಊರನ್ನೇ ಎಬ್ಬಿಸುತ್ತಾನೆ. ನೀರಿನ ಎತ್ತರ ಒಂದನ್ನೇ ಅಳೆಯುವವನು ಮೊದಲನೆಯ ದಿನ ವೃಥಾ ಕೂಗಿ, ಎರಡನೆಯ ದಿನ ಸುಮ್ಮನಿರುವನು.

ಸರ್ವರಿನ ವಿಷಯದಲ್ಲಿ ಈ ತಪ್ಪು ನಿತ್ಯವೂ ನಡೆಯುತ್ತದೆ. 'ಪ್ರೊಸೆಸರಿನ ಬಳಕೆ ಶೇಕಡ 90ನ್ನು ಮೀರಿದರೆ ಎಚ್ಚರಿಸು' ಎಂಬ ನಿಯಮವನ್ನು ಯಾರೋ ಎಲ್ಲಿಂದಲೋ ತಂದು ಎಲ್ಲ ಯಂತ್ರಗಳಿಗೂ ಹಚ್ಚಿಬಿಡುತ್ತಾರೆ. ರಾತ್ರಿ ಎರಡು ಗಂಟೆಗೆ ದಾಖಲೆಗಳ ಪ್ರತಿ ತೆಗೆಯುವ ಕೆಲಸ ನಡೆಯುವಾಗ ಬಳಕೆ 95 ಆದರೆ ಯಾರಿಗೂ ನಷ್ಟವಿಲ್ಲ. ಹಗಲು ಹನ್ನೊಂದು ಗಂಟೆಗೆ ಒಂದು ವ್ಯವಹಾರವು ಒಂದು ದಾಖಲೆಗೆ ಬೀಗ ಹಾಕಿ ಕುಳಿತು, ಅದರ ಹಿಂದೆ ಇನ್ನೂರು ಕೋರಿಕೆಗಳು ಸರತಿಯಲ್ಲಿ ನಿಂತರೆ, ಕಾಯುವುದಕ್ಕೆ ಪ್ರೊಸೆಸರಿನ ಶ್ರಮ ಬೇಡವಾದ್ದರಿಂದ, ಬಳಕೆ ಶೇಕಡ 30ಕ್ಕೆ ಇಳಿದಿರಲೂಬಹುದು. ಏರಿಯ ಹಿಂದೆ ಜಿನುಗುವ ನೀರು ಇದೇ.

ಬಳಕೆಯ ಶೇಕಡಾವಾರು ನಿರರ್ಥಕವೆಂದು ಇದರಿಂದ ತಿಳಿಯಬಾರದು. ಕೋಪನ್‌ಹೇಗನ್ನಿನ ಟೆಲಿಫೋನ್ ಸಂಸ್ಥೆಯಲ್ಲಿದ್ದ ಎರ್ಲಾಂಗನು 1909ರಿಂದ ಪ್ರಕಟಿಸಿದ ಬರಹಗಳ ಮೇಲೆ ಬೆಳೆದ ಸರತಿಯ ಗಣಿತವು ಒಂದು ಉಪಯುಕ್ತ ಸಂಬಂಧವನ್ನು ಕೊಟ್ಟಿದೆ. ಕೆಲಸ ಮಾಡುವ ಘಟಕ ಒಂದೇ ಇದ್ದು, ಕೋರಿಕೆಗಳು ಯದೃಚ್ಛೆಯಾಗಿ ಬರುತ್ತಿದ್ದು, ಒಂದೊಂದರ ಕೆಲಸದ ಕಾಲವೂ ಯದೃಚ್ಛೆಯಾಗಿಯೇ ಹೆಚ್ಚುಕಡಿಮೆಯಾಗುತ್ತಿದ್ದರೆ, ಉತ್ತರಕ್ಕೆ ತಗಲುವ ಸರಾಸರಿ ಕಾಲವು ಕೆಲಸದ ಸರಾಸರಿ ಕಾಲವನ್ನು ಬಿಡುವಿನ ಅಂಶದಿಂದ ಭಾಗಿಸಿದಷ್ಟು. ಕೆಲಸಕ್ಕೆ 0.2 ಸೆಕೆಂಡು ಬೇಕೆಂದಿಟ್ಟುಕೊಳ್ಳೋಣ. ಬಳಕೆ ಶೇಕಡ 50 ಇದ್ದಾಗ ಉತ್ತರಕ್ಕೆ 0.4 ಸೆಕೆಂಡು, 80 ಇದ್ದಾಗ 1 ಸೆಕೆಂಡು, 90ಕ್ಕೆ 2 ಸೆಕೆಂಡು, 95ಕ್ಕೆ 4 ಸೆಕೆಂಡು. ಐವತ್ತರಿಂದ ಎಂಬತ್ತಕ್ಕೆ ಏರಿದಾಗ ಆದ ಹೆಚ್ಚಳಕ್ಕಿಂತ ತೊಂಬತ್ತರಿಂದ ತೊಂಬತ್ತೈದಕ್ಕೆ ಏರಿದಾಗ ಆದ ಹೆಚ್ಚಳವೇ ದೊಡ್ಡದು. ಆದಕಾರಣ 90ರಲ್ಲಿ ಗಂಟೆ ಬಾರಿಸಿದರೆ ಎದ್ದು ಬರುವಷ್ಟರಲ್ಲಿ ಕಾಲ ಮೀರಿರುತ್ತದೆ. ಹಲವು ಘಟಕಗಳುಳ್ಳ ಇಂದಿನ ಯಂತ್ರಗಳಲ್ಲಿ ಈ ರೇಖೆ ಇನ್ನೂ ಬಹುದೂರ ಸಮತಲವಾಗಿ ಸಾಗಿ, ಅನಂತರ ಇನ್ನೂ ಕಡಿದಾಗಿ ಏಳುತ್ತದೆ. ಅಪಾಯ ಕಡಿಮೆಯಾಗುವುದಿಲ್ಲ, ಸೂಚನೆಯ ಅವಕಾಶ ಮಾತ್ರ ಕಡಿಮೆಯಾಗುತ್ತದೆ.

ಹೀಗಿರುವುದರಿಂದ ಮುಖ್ಯ ಮಿತಿಯನ್ನು ಕಿಟಕಿಯ ಮುಂದೆ ನಿಂತವನು ಅನುಭವಿಸುವ ಅಳತೆಯ ಮೇಲೆ, ಎಂದರೆ ಉತ್ತರದ ಕಾಲದ ಮೇಲೆ, ಇಡತಕ್ಕದ್ದೆಂದು ನಮ್ಮ ಅಭಿಪ್ರಾಯ. ಅದರಲ್ಲಿಯೂ ಸರಾಸರಿಯನ್ನು ನಂಬಬಾರದು. ನೂರು ಕೋರಿಕೆಗಳಲ್ಲಿ 95ಕ್ಕೆ 0.2 ಸೆಕೆಂಡಿನಲ್ಲಿಯೂ ಉಳಿದ ಐದಕ್ಕೆ 20 ಸೆಕೆಂಡಿನಲ್ಲಿಯೂ ಉತ್ತರ ಬಂದರೆ ಸರಾಸರಿ 1.19 ಸೆಕೆಂಡು. ನೋಡುವವನಿಗೆ ಎಲ್ಲವೂ ಕ್ಷೇಮವೆಂದು ತೋರುತ್ತದೆ. ಆದರೆ ಒಂದು ಪತ್ರದ ನೋಂದಣಿಗೆ ಇಂಥ ಕೋರಿಕೆಗಳು ಇಪ್ಪತ್ತಾದರೂ ಬೇಕಾದರೆ ಅರ್ಧಕ್ಕಿಂತ ಹೆಚ್ಚು ಜನ ಆ ಇಪ್ಪತ್ತು ಸೆಕೆಂಡನ್ನು ಒಮ್ಮೆಯಾದರೂ ಅನುಭವಿಸುತ್ತಾರೆ. ನೂರರಲ್ಲಿ 99 ಕೋರಿಕೆಗಳು ಎಷ್ಟು ಕಾಲದೊಳಗೆ ಮುಗಿದವೆಂಬುದನ್ನು ಅಳೆದರೆ ಮಾತ್ರ ಈ ಸಂಕಟ ಅಂಕೆಯಲ್ಲಿ ಕಾಣುತ್ತದೆ.

ಮಿತಿಯ ಅಂಕೆಯನ್ನು ನಿರ್ಧರಿಸುವುದು ಹೇಗೆ? ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಶೂಹಾರ್ಟನು 1924ರಲ್ಲಿ ಕಾರ್ಖಾನೆಯ ಸರಕಿಗಾಗಿ ರೂಪಿಸಿದ ನಿಯಂತ್ರಣ ಪಟವನ್ನು ಇಲ್ಲಿಗೂ ತರುವುದು ವಾಡಿಕೆ: ಸರಾಸರಿಯಿಂದ ಮೂರು ಮಾನಕ ವಿಚಲನೆಗಳಷ್ಟು ಆಚೆಗೆ ಹೋದುದೆಲ್ಲ ಅಸಹಜ. ನಮ್ಮ ವಿದ್ಯಾರ್ಥಿಗಳು ಈ ನಿಯಮವನ್ನು ಬಲು ಬೇಗ ಒಪ್ಪಿಕೊಳ್ಳುತ್ತಾರೆ. ಸ್ವಲ್ಪ ಲೆಕ್ಕ ಹಾಕಬೇಕು. ಅಳತೆಗಳು ಸಾಮಾನ್ಯ ವಿತರಣೆಯನ್ನೇ ಅನುಸರಿಸಿದರೂ, ಏನೂ ಕೆಡದಿರುವಾಗಲೂ, ಸಾವಿರಕ್ಕೆ 2.7 ಅಳತೆಗಳು ಮಿತಿಯನ್ನು ದಾಟುತ್ತವೆ. ನಿಮಿಷಕ್ಕೊಂದು ಅಳತೆಯಂತೆ ದಿನಕ್ಕೆ 1440; ಎಂದರೆ ಒಂದು ಸೂಚಕಕ್ಕೆ ದಿನವೊಂದಕ್ಕೆ ಸುಮಾರು ನಾಲ್ಕು ಸುಳ್ಳು ಗಂಟೆಗಳು, ಇಪ್ಪತ್ತು ಸೂಚಕಗಳಿಗೆ ಎಂಬತ್ತರ ಸಮೀಪ. ದಿನಕ್ಕೆ ಎಂಬತ್ತು ಸಲ ವೃಥಾ ಎದ್ದವನು ಎಂಬತ್ತೊಂದನೆಯ ಸಲ ಏಳುವನೇ? ಅದೂ ಅಲ್ಲದೆ ಉತ್ತರದ ಕಾಲ ಸಾಮಾನ್ಯ ವಿತರಣೆಯನ್ನು ಅನುಸರಿಸುವುದಿಲ್ಲ. ಅದಕ್ಕೆ ಬಲಕ್ಕೆ ನೀಳವಾದ ಬಾಲ ಉಂಟು.

ಇದಕ್ಕೆ ಪರಿಹಾರವಾಗಿ ಎರಡು ಉಪಾಯಗಳನ್ನು ಬಳಸುವರು. ಮಿತಿಯನ್ನು ಒಮ್ಮೆ ದಾಟಿದರೆ ಸಾಲದು, ಐದು ನಿಮಿಷ ಎಡೆಬಿಡದೆ ಅದರ ಮೇಲಿರಬೇಕು ಎಂಬುದು ಒಂದು. ಗಂಟೆ ಬಾರಿಸುವ ಮಿತಿಗೂ ನಿಲ್ಲಿಸುವ ಮಿತಿಗೂ ಅಂತರವಿಡುವುದು ಮತ್ತೊಂದು: 4 ಸೆಕೆಂಡಿಗೆ ಬಾರಿಸಿ, 2 ಸೆಕೆಂಡಿಗೆ ಇಳಿದ ಮೇಲೆಯೇ ನಿಲ್ಲಿಸಿದರೆ ಮಿತಿಯ ಆಚೀಚೆ ತೂಗಾಡುವ ಅಳತೆಗೆ ಗಂಟೆ ಹತ್ತು ಸಲ ಬಡಿದುಕೊಳ್ಳುವುದಿಲ್ಲ.

ಇನ್ನು 'ಸಹಜ'ವೆಂಬುದೂ ಎಲ್ಲ ದಿನಗಳಿಗೆ ಒಂದೇ ಅಲ್ಲ. ಆಷಾಢದಲ್ಲಿ ಕ್ರಯಪತ್ರ ಮಾಡಿಸಲು ಜನ ಹಿಂಜರಿಯುತ್ತಾರೆ. ಶ್ರಾವಣ ಬಂದರೆ ಒಳ್ಳೆಯ ದಿನಗಳಿಗೆ ನೂಕುನುಗ್ಗಲು. ಮುಂಗಾರಿನಲ್ಲಿ ಬೆಳೆಸಾಲಕ್ಕೂ ಬೆಳೆವಿಮೆಗೂ ಪಹಣಿ ಬೇಕು. ಮಾರ್ಗಸೂಚಿ ಬೆಲೆಗಳು 2023ರ ಅಕ್ಟೋಬರ್ 1ರಿಂದ ಏರುವವೆಂದು ತಿಳಿದಾಗ ಸೆಪ್ಟೆಂಬರಿನಲ್ಲಿಯೇ ಜನ ಮುಗಿಬಿದ್ದರು. ಜಿಲ್ಲೆಯೊಳಗಿನ ಯಾವ ಕಚೇರಿಯಲ್ಲಾದರೂ ನೋಂದಾಯಿಸಬಹುದೆಂಬ ಏರ್ಪಾಡು 2024ರಲ್ಲಿ ಬಂದ ಮೇಲೆ ಪುರವರದವರು ಕೊರಟಗೆರೆಗೆ ಹೋಗುವುದಕ್ಕೂ ಅಡ್ಡಿಯಿಲ್ಲವಾಯಿತು. ಒಂದೊಂದು ಕಚೇರಿಯ ಹಳೆಯ ಲೆಕ್ಕ ಆ ದಿನದಿಂದ ಹಳತಾಯಿತು. ಪಂಚಾಂಗವನ್ನೂ ಸರ್ಕಾರದ ಆದೇಶಗಳನ್ನೂ ನೋಡದೆ ಮಿತಿಯನ್ನು ಯಂತ್ರಕ್ಕೇ ಬಿಟ್ಟವರು ಇಂಥ ದಿನಗಳಲ್ಲಿ ಕಷ್ಟಕ್ಕೆ ಸಿಕ್ಕುತ್ತಾರೆ.

ಸಹಜವಾದ ನೂಕುನುಗ್ಗಲನ್ನೂ ದುರುದ್ದೇಶದ ದಾಳಿಯನ್ನೂ ಒಂದೇ ಮಿತಿಯಿಂದ ಬೇರ್ಪಡಿಸಲಾಗದೆಂಬುದಕ್ಕೆ ಕಾವೇರಿ-2ರ ಮೇಲೆ 2025ರ ಜನವರಿಯಲ್ಲಿ ನಡೆದ ದಾಳಿಯೇ ನಿದರ್ಶನ. ಆಗ ನೋಂದಣಿ ಕಾರ್ಯ ರಾಜ್ಯದಾದ್ಯಂತ ಕುಂಠಿತವಾಯಿತು. ಕೃತಕ ಖಾತೆಗಳಿಂದ ಋಣಭಾರ ಪ್ರಮಾಣಪತ್ರದ ಹುಡುಕಾಟಗಳನ್ನು ದತ್ತಸಂಚಯದ ಮೇಲೆ ಸುರಿಯಲಾಗಿತ್ತೆಂದು ಅಧಿಕಾರಿಗಳು ತಿಳಿಸಿದರು. ವರದಿಯಾದಂತೆ 62 ಖಾತೆಗಳಿಂದ ಎರಡು ಗಂಟೆಗಳಲ್ಲಿ 6.2 ಲಕ್ಷ ಕೋರಿಕೆಗಳು ಬಂದವು. ಎಂದರೆ ಸೆಕೆಂಡಿಗೆ ಸುಮಾರು 86. ಒಟ್ಟು ಕೋರಿಕೆಗಳ ಮೇಲೆ ಮಾತ್ರ ಮಿತಿಯಿಟ್ಟವನು ಇದನ್ನು ಕಂಡು, ಮಾರ್ಗಸೂಚಿ ಬೆಲೆಯೋ ಶ್ರಾವಣವೋ ಎಂದು ಊಹಿಸಿ ಇನ್ನೊಂದು ಯಂತ್ರವನ್ನು ಜೋಡಿಸಲು ಹೋಗಬಹುದು. ಅದೇ ಸಂಖ್ಯೆಯನ್ನು ಖಾತೆಗಳಿಗೆ ಹಂಚಿ ನೋಡಿದರೆ ಒಂದೊಂದಕ್ಕೆ ಸರಾಸರಿ ಹತ್ತು ಸಾವಿರ, ನಿಮಿಷಕ್ಕೆ 83. ಹೆಸರು, ಗ್ರಾಮ, ವರ್ಷಗಳನ್ನು ಕೈಯಿಂದ ತುಂಬುವ ಮನುಷ್ಯನು ನಿಮಿಷಕ್ಕೆ ಎರಡು ಹುಡುಕಾಟ ಮಾಡಿದರೆ ಹೆಚ್ಚು. ಪತ್ರಬರಹಗಾರರೂ ವಕೀಲರೂ ಒಂದೇ ಖಾತೆಯಿಂದ ಹಲವರ ಕೆಲಸ ಮಾಡುವುದುಂಟಾದುದರಿಂದ ಮಿತಿಯನ್ನು ಹತ್ತಕ್ಕೆ ಇಟ್ಟರೂ 83 ಎಂಬುದು ಮೊದಲನೆಯ ನಿಮಿಷದಲ್ಲಿಯೇ ಕಣ್ಣಿಗೆ ಬೀಳುತ್ತದೆ. ಮೊತ್ತದ ಅಳತೆ ಎಷ್ಟು ಸೂಕ್ಷ್ಮವಾಗಿದ್ದರೂ ತೋರಿಸದ ಸಂಗತಿಯನ್ನು ಭಾಗಾಕಾರವೊಂದು ತೋರಿಸುತ್ತದೆ.

ಡಿಸ್ಕಿನ ಸ್ಥಳದ ವಿಷಯ ಸುಲಭವಾದುದು. ಶೇಕಡ 80 ತುಂಬಿತೆಂಬುದಕ್ಕಿಂತ ಎಷ್ಟು ಕಾಲದಲ್ಲಿ ತುಂಬೀತೆಂಬುದು ಮುಖ್ಯ. ಸಾವಿರ ಗಿಗಾಬೈಟಿನಲ್ಲಿ 200 ಉಳಿದಿದ್ದು ದಿನಕ್ಕೆ ಒಂದರಂತೆ ತುಂಬುತ್ತಿದ್ದರೆ ಇನ್ನೂ ಆರು ತಿಂಗಳಿಗೆ ಮೇಲ್ಪಟ್ಟ ಅವಕಾಶವಿದೆ; ಗಂಟೆಗೆ ಹತ್ತರಂತೆ ತುಂಬುತ್ತಿದ್ದರೆ ನಾಳೆ ಬೆಳಗಿನ ಕಚೇರಿ ತೆರೆಯುವುದಿಲ್ಲ. ಏಕಕಾಲದ ಸಂಪರ್ಕಗಳ ಸಂಖ್ಯೆಗೂ ಇದೇ ನ್ಯಾಯ ಸಲ್ಲುತ್ತದೆ. ಪೋಸ್ಟ್‌ಗ್ರೆಸ್ ಎಂಬ ದತ್ತಸಂಚಯದಲ್ಲಿ ಬದಲಾಯಿಸದಿದ್ದರೆ ಅದರ ಗರಿಷ್ಠ 100. ನೂರೊಂದನೆಯವನಿಗೆ ನಿಧಾನವಾದ ಉತ್ತರವಲ್ಲ, ನಿರಾಕರಣೆಯೇ ದೊರೆಯುತ್ತದೆ.

ಮೇಲಿನ ಮಿತಿಯ ಜೊತೆಗೆ ಕೆಳಗಿನ ಮಿತಿಯೂ ಬೇಕೆಂಬುದನ್ನು ಬಹಳ ಜನ ಮರೆಯುತ್ತಾರೆ. ಸೋಮವಾರ ಹನ್ನೊಂದು ಗಂಟೆಗೆ ಪಾವಗಡದಿಂದ ಹತ್ತು ನಿಮಿಷ ಒಂದು ಕೋರಿಕೆಯೂ ಬರಲಿಲ್ಲವೆನ್ನೋಣ. ಕೇಂದ್ರದ ಪಟದಲ್ಲಿ ಎಲ್ಲ ರೇಖೆಗಳೂ ತಣ್ಣಗಿರುತ್ತವೆ, ಸರ್ವರಿಗೆ ಇಂಥ ಆರೋಗ್ಯ ಎಂದೂ ಇರಲಿಲ್ಲ! ವಾಸ್ತವವಾಗಿ ದಾರಿಯಲ್ಲೆಲ್ಲೋ ತಂತಿ ಕಡಿದಿರಬಹುದು, ಕಚೇರಿಯಲ್ಲಿ ವಿದ್ಯುತ್ತು ಹೋಗಿರಬಹುದು. ಸರ್ವರನ್ನು ಸರ್ವರಿನ ಪಕ್ಕದಲ್ಲಿಯೇ ನಿಂತು ಅಳೆಯುವವರೆಗೆ ಇದು ತಿಳಿಯುವಂತಿಲ್ಲ. ಒಂದೊಂದು ತಾಲ್ಲೂಕು ಕಚೇರಿಯಿಂದಲೂ ಐದು ನಿಮಿಷಕ್ಕೊಮ್ಮೆ ಒಂದು ಪರೀಕ್ಷಾ ಕೋರಿಕೆಯನ್ನು ತಾನಾಗಿ ಕಳುಹಿಸಿ, ಅದು ಹೋಗಿಬರುವ ಕಾಲವನ್ನು ಅಲ್ಲಿಯೇ ದಾಖಲಿಸುವುದು ಸುಲಭಸಾಧ್ಯ. ಮಧುಗಿರಿ, ಶಿರಾ, ಕೊರಟಗೆರೆ ಮೂರರಲ್ಲಿಯೂ 1 ಸೆಕೆಂಡಿದ್ದು ಪಾವಗಡದಲ್ಲಿ ಮಾತ್ರ ಉತ್ತರವಿಲ್ಲದಿದ್ದರೆ ದೋಷ ದಾರಿಯದು. ನಾಲ್ಕರಲ್ಲಿಯೂ ಒಟ್ಟಿಗೆ 15 ಸೆಕೆಂಡಾದರೆ ಮೊದಲು ಶಂಕಿಸಬೇಕಾದದ್ದು ಕೇಂದ್ರವನ್ನು.

ಗಂಟೆ ಯಾರಿಗೆ ಕೇಳಿಸಬೇಕು? ಕೇಳಿದವನು ಏನನ್ನೂ ಮಾಡಬೇಕಾಗಿಲ್ಲದ ಎಚ್ಚರಿಕೆಯನ್ನು ಗಂಟೆಯಾಗಿ ಬಾರಿಸದೆ ಬೆಳಗಿನ ವರದಿಗೆ ಸೇರಿಸುವುದು ಮೇಲು. ರಾತ್ರಿಯ ಗಂಟೆ ದತ್ತಸಂಚಯವನ್ನು ನೋಡಿಕೊಳ್ಳುವವರಿಗೆ ಹೋಗಲಿ. ಆದರೆ ಹಗಲಿನ ಕಚೇರಿಯ ವೇಳೆಯಲ್ಲಿ ಉತ್ತರದ ಕಾಲ ಮಿತಿಯನ್ನು ಮೀರಿತೆಂಬ ಸಂಗತಿ ತಾಲ್ಲೂಕಿನ ಕಿಟಕಿಗೂ ಅದೇ ಕ್ಷಣದಲ್ಲಿ ಮುಟ್ಟಬೇಕು. ಇಂದು ಸಂಜೆಯೊಳಗೆ ಆಗುವ ಸಂಭವವಿಲ್ಲವೆಂಬುದನ್ನು ಹನ್ನೊಂದು ಗಂಟೆಗೆ ಹೇಳಿದರೆ ಪುರವರದ ನಾಲ್ವರು ಮಧ್ಯಾಹ್ನದ ಬಸ್ಸಿಗೆ ಊರು ಸೇರಬಹುದು.