ಬೆಕ್ಕುಗಳಲ್ಲಿ ಸ್ವಯಂನಿರೋಧಕ ಚರ್ಮರೋಗದ ಶಂಕೆ: ಸಾರ್ವಜನಿಕರಿಗೆ ಮಾಹಿತಿ

ರೋಗನಿರೋಧಕ ವ್ಯವಸ್ಥೆಯು ಸ್ವಂತ ದೇಹದ ಜೀವಕೋಶಗಳ ಮೇಲೆಯೇ ದಾಳಿ ಮಾಡುವುದರಿಂದ ಸ್ವಯಂನಿರೋಧಕ ಕಾಯಿಲೆಗಳು ಉಂಟಾಗುತ್ತವೆ. ಬೆಕ್ಕುಗಳಲ್ಲಿ ಕಂಡುಬರುವ ಪೆಂಫಿಗಸ್ ಫೋಲಿಯೇಸಿಯಸ್ ಇವುಗಳಲ್ಲೊಂದು. ಕಿವಿ, ಮೂಗು ಹಾಗೂ ಉಗುರಿನ ಬುಡದಲ್ಲಿ ಕೀವುಗುಳ್ಳೆ ಮತ್ತು ಹಕ್ಕಳೆ ಕಾಣಿಸುವುದು ಇದರ ಮುಖ್ಯ ಲಕ್ಷಣ. ಈ ಕಾಯಿಲೆಯು ಮನುಷ್ಯರಿಗೆ ಹರಡುವುದಿಲ್ಲ.

ಆದರೆ ಇದನ್ನೇ ಹೋಲಬಹುದಾದ ಹುಳುಕಡ್ಡಿಯು ಮನೆಮಂದಿಗೂ ಹರಡುತ್ತದೆ ಹಾಗೂ ಸ್ಟೀರಾಯ್ಡ್ ಔಷಧದಿಂದ ಉಲ್ಬಣಿಸುತ್ತದೆ. ಆದ್ದರಿಂದ ಶಂಕೆಯ ಮೇರೆಗೆ ಸ್ವತಃ ಔಷಧ ನೀಡಬಾರದು. ಭದ್ರಾವತಿಯ ನಾಗರಿಕರು ಸ್ಥಳೀಯ ಪಶು ಆಸ್ಪತ್ರೆಯಲ್ಲಿ, ಶಿವಮೊಗ್ಗದ ನಾಗರಿಕರು ನಗರದ ಪಶುವೈದ್ಯಕೀಯ ಮಹಾವಿದ್ಯಾಲಯದಲ್ಲಿ ಬೆಕ್ಕನ್ನು ತೋರಿಸಿ ಸಲಹೆ ಪಡೆಯುವುದು. ಶಿಲೀಂಧ್ರ ಪರೀಕ್ಷೆ ಹಾಗೂ ಚರ್ಮದ ತುಣುಕಿನ ಪರೀಕ್ಷೆಯಿಂದ ಕಾಯಿಲೆಯನ್ನು ಖಚಿತಪಡಿಸಿಕೊಳ್ಳಲಾಗುತ್ತದೆ.

ವೈದ್ಯರು ಸೂಚಿಸಿದ ಪ್ರೆಡ್ನಿಸೊಲೋನ್ ಮಾತ್ರೆಯನ್ನು, ಗುಣ ಕಂಡರೂ, ಏಕಾಏಕಿ ನಿಲ್ಲಿಸತಕ್ಕದ್ದಲ್ಲ. ಪ್ಯಾರಾಸಿಟಮಾಲ್ ಬೆಕ್ಕುಗಳಿಗೆ ಮಾರಕವಾದುದರಿಂದ ಅದನ್ನು ಎಂದಿಗೂ ನೀಡಬಾರದು.