ಮಿಕ್ಕಿ ಮೌಸಿನ ಮಮತೆ, ಮನೆತನದ ದುಡ್ಡು

ಸೊಲ್ಲಾಪುರ, ಅಕ್ಕಲಕೋಟೆಯ ನಮ್ಮ ಮನೆಗಳಲ್ಲಿ ರಜೆ ಬಂತೆಂದರೆ ಮೊಮ್ಮಕ್ಕಳಿಗೆ ಖೋಪೋಲಿಯ ಇಮ್ಯಾಜಿಕಾ ಬೇಕು. ಚಂದಮಾಮ ಓದಿ ಬೆಳೆದ ನಾವೂ, ದೂರದರ್ಶನದಲ್ಲಿ ಮಿಕ್ಕಿ-ಡೊನಾಲ್ಡ್ ನೋಡಿ ಬೆಳೆದ ನಮ್ಮ ಮಕ್ಕಳೂ ಹಿಂದೆ ಬೀಳುವುದಿಲ್ಲ. ಅದೇ ಮಮತೆಯಲ್ಲಿ ಕೆಲ ತರುಣರು ಇಂಥ ಉದ್ಯಾನಗಳ ಶೇರು ಕೊಳ್ಳಲು ಹೊರಡುತ್ತಾರೆ. ಟಿಕೀಟು ಸಂತೋಷದ ಖರ್ಚು, ಶೇರು ವ್ಯಾಪಾರ. ಅಲ್ಲಿ ಖಾತೆ ನೋಡಲೇಬೇಕು.

ವಾಲ್ಟ್ ಡಿಸ್ನಿಯವರು 1955ರಲ್ಲಿ ಡಿಸ್ನಿಲ್ಯಾಂಡ್ ತೆರೆಯಲು ತಮ್ಮ ವಿಮೆಯ ಮೇಲೂ ಸಾಲ ಎತ್ತಿದ್ದರು. ಅವರು ಗೆದ್ದರು, ಎಲ್ಲರಿಗೂ ಹಾಗಾಗುವುದಿಲ್ಲ.

ಬೆಂಗಳೂರು ಬಳಿಯ ಬಿಡದಿಯಲ್ಲಿ 2005ರಲ್ಲಿ ಉದ್ಯಾನ ತೆರೆದ ವಂಡರ್‌ಲಾ, 2014ರಲ್ಲಿ 125 ರೂಪಾಯಿಗೆ ಶೇರು ಕೊಟ್ಟಿತು. ಸಾಲ ಕಡಿಮೆ ಇಟ್ಟುಕೊಂಡು ಒಂದೊಂದೇ ಊರಿಗೆ ಬೆಳೆಯಿತು. 2013ರಲ್ಲಿ ತೆರೆದ ಇಮ್ಯಾಜಿಕಾ 2015ರಲ್ಲಿ 180 ರೂಪಾಯಿಗೆ ಶೇರು ಮಾರಿತು. ತಲೆಯ ಮೇಲೆ ಭಾರೀ ಸಾಲವಿತ್ತು. 2020ರಲ್ಲಿ ಕೊರೋನಾ ಬಾಗಿಲು ಮುಚ್ಚಿಸಿತು. ಶೇರು ಒಂದು ಹಂತದಲ್ಲಿ 10 ರೂಪಾಯಿಗಿಂತ ಕೆಳಗಿಳಿದಿತ್ತು. 2022ರಲ್ಲಿ ಸಂಗಮನೇರದ ಮಾಲಪಾಣಿ ಸಮೂಹ ವಹಿಸಿಕೊಂಡ ಮೇಲೆ ಚೇತರಿಸಿಕೊಂಡಿತು.

ನಮ್ಮ ಸಿದ್ಧೇಶ್ವರ ಗಡ್ಡಾ ಯಾತ್ರೆಯ ತೊಟ್ಟಿಲಿನವನು ಜಾತ್ರೆ ಮುಗಿದೊಡನೆ ತೊಟ್ಟಿಲು ಬಿಚ್ಚಿ ಮುಂದಿನ ಊರಿಗೆ ಹೋಗುತ್ತಾನೆ. ದೊಡ್ಡ ಉದ್ಯಾನಕ್ಕೆ ಆ ಅನುಕೂಲವಿಲ್ಲ. ಶಾಲೆಯ ದಿನ, ಮಳೆಯ ದಿನ, ಜನ ಬರಲಿ ಬಿಡಲಿ, ಸಂಬಳ ಮತ್ತು ಬಡ್ಡಿ ನಿಲ್ಲುವುದಿಲ್ಲ.

ಸಮಾಜದ ತರುಣರಿಗೆ ನಮ್ಮ ಮಾತು ಇಷ್ಟೇ: ವರ್ಷಕ್ಕೆ ಎಷ್ಟು ಜನ ಬಂದರು, ಸಾಲವೆಷ್ಟು, ಬಡ್ಡಿ ಕಳೆದು ಉಳಿದದ್ದೆಷ್ಟು, ಈ ಮೂರನ್ನೂ ನೋಡಿರಿ. ಮಗಳ ಮದುವೆಗೆ, ಅಂಗಡಿಯ ಮಾಲಿಗೆ ಇಟ್ಟ ದುಡ್ಡು ಅಲ್ಲಿ ಹಾಕಬೇಡಿರಿ. ಮೊಮ್ಮಕ್ಕಳನ್ನು ಮಾತ್ರ ತಪ್ಪದೆ ಕರೆದೊಯ್ಯಿರಿ.